ಞ ಮಾಡುವ ಕೆಲಸ

1

ಹಳ್ಳಿಯ ಶಾಲೆಯ ಗೋಡೆಯಲ್ಲಿ ವರ್ಣಮಾಲೆಯ ಪಟ. ಅ ಅಗಸ, ಆ ಆನೆ, ಇ ಇಲಿ, ಈ ಈಶ. ಅಕ್ಷರಕ್ಕೊಂದು ಚಿತ್ರ. ಣ ಬಂದಾಗ ಬಾಣ. ಳ ಬಂದಾಗ ಕೊಳ. ಈ ಎರಡಕ್ಕೆ ಪದದ ಮೊದಲಲ್ಲಿ ಜಾಗ ಸಿಕ್ಕಿಲ್ಲ, ಕೊನೆಯಲ್ಲಿ ಕೂರಿಸಿದ್ದಾರೆ. ಙ, ಞ ಎರಡರ ಚೌಕದಲ್ಲಿ ಚಿತ್ರವಿಲ್ಲ.

2

ಮಕ್ಕಳು ಆ ಎರಡನ್ನೂ ಉಳಿದವುಗಳಷ್ಟೇ ಗಟ್ಟಿಯಾಗಿ ಹೇಳುತ್ತಾರೆ.

3

ಅಂಗಡಿ, ಮಂಚ, ಗಂಟು, ಸಂತೆ, ಕಂಬ. ಐದರಲ್ಲೂ ಒಂದೇ ಸೊನ್ನೆ. ನಿಧಾನವಾಗಿ ಹೇಳಿಕೊಂಡು ನಾಲಿಗೆ ಎಲ್ಲಿ ತಾಗುತ್ತದೆ ಎಂದು ನೋಡಿದೆ. ಅಂಗಡಿಯಲ್ಲಿ ಙ, ಮಂಚದಲ್ಲಿ ಞ, ಗಂಟಿನಲ್ಲಿ ಣ, ಸಂತೆಯಲ್ಲಿ ನ, ಕಂಬದಲ್ಲಿ ಮ. ಅಂದರೆ ಙ, ಞ ಎಂಬ ದನಿಗಳಿಗೆ ದಿನವಿಡೀ ಕೆಲಸವಿದೆ. ಅಕ್ಷರಗಳಿಗೆ ಇಲ್ಲ. ಅವುಗಳ ಕೆಲಸ ಸೊನ್ನೆಯ ಪಾಲಾಗಿದೆ.

4

ಙ ಅಕ್ಷರವಾಗಿಯೇ ಸಿಕ್ಕಿದ ಜಾಗ: ವಾಙ್ಮಯ, ಪರಾಙ್ಮುಖ. ಒಂದರ ಅರ್ಥ ಮಾತಿನಿಂದ ಆದದ್ದು. ಇನ್ನೊಂದರ ಅರ್ಥ ಮುಖ ತಿರುಗಿಸಿದವನು.

5

ಞ ಸಿಕ್ಕಿದ ಜಾಗ: ಜ್ಞಾನ. ಜ ಮೇಲೆ, ಞ ಅದರ ಕೆಳಗೆ ಒತ್ತಾಗಿ. ಬಾಯಿ ಮಾತ್ರ ಗ್ನಾನ ಎನ್ನುತ್ತದೆ. ಬರೆದ ಎರಡೂ ಕೇಳಿಸಲಿಲ್ಲ; ಬರೆಯದ ಎರಡು ಕೇಳಿಸಿದವು.

6

ಕಾಗುಣಿತ ಹೇಳುವಾಗ ಬರುವ ಹೆಸರುಗಳು: ತಲೆಕಟ್ಟು, ಗುಡಿಸು, ಕೊಂಬು, ವಟ್ರಸುಳಿ. ದನದ ಜಾತ್ರೆಯಲ್ಲಿ ಎತ್ತು ನೋಡಲು ಬಂದವರೂ ಕೊಂಬು ನೋಡುತ್ತಾರೆ, ಸುಳಿ ನೋಡುತ್ತಾರೆ.

7

ಸೂರ್ಯ. ರಕಾರವನ್ನು ಯಕಾರಕ್ಕಿಂತ ಮೊದಲು ಹೇಳುತ್ತೇವೆ. ಅದರ ಗುರುತನ್ನು ಯಕಾರದ ನಂತರ ಬರೆಯುತ್ತೇವೆ. ಆ ಗುರುತಿನ ಹೆಸರು ಅರ್ಕಾವತ್ತು. ಅರ್ಕ ಎಂದರೂ ಸೂರ್ಯ. ಅರ್ಕ ಎಂದು ಬರೆಯಲೂ ಅರ್ಕಾವತ್ತು ಬೇಕು.

8

ಒಂದೇ ಅಕ್ಷರದ ಪದಗಳನ್ನು ಪಟ್ಟಿ ಮಾಡಿದೆ. ಬಾ, ತಾ, ನಾ, ನೀ, ಆ, ಈ, ಹೂ, ಕೈ, ಮೈ, ಬೈ, ಮೇ, ಮೀ. ಎಲ್ಲವೂ ದೀರ್ಘ, ಇಲ್ಲವೇ ಐಕಾರ. ಹ್ರಸ್ವ ಸ್ವರದಲ್ಲಿ ಮುಗಿಯುವ ಒಂಟಿ ಅಕ್ಷರದ ಕನ್ನಡ ಪದ ಒಂದೂ ಸಿಗಲಿಲ್ಲ. ಕ ಎಂದರೆ ಏನೂ ಇಲ್ಲ. ಕೈ ಎಂದರೆ ಐದು ಬೆರಳು.

9

ಹಸುವನ್ನು ಕರೆ. ಈ ವಾಕ್ಯವನ್ನು ನಾಲ್ಕು ಜನರಿಗೆ ಹೇಳಿ ನೋಡಿದೆ. ಮೂವರು ಹಸುವನ್ನು ಕೂಗಬೇಕು ಎಂದುಕೊಂಡರು. ಮನೆಯಲ್ಲಿ ಹಸು ಇದ್ದವರು ಚೆಂಬು ನೆನೆಸಿಕೊಂಡರು.

ಹಳಗನ್ನಡದವರಿಗೆ ಈ ಗೊಂದಲ ಇರಲಿಲ್ಲ. ಕೂಗುವುದಕ್ಕೆ ಕರೆ, ಹಾಲು ಹಿಂಡುವುದಕ್ಕೆ ಕಱೆ. ಎರಡು ರಕಾರ, ಎರಡು ದನಿ. ಎರಡನೆಯದರ ಹೆಸರು ಶಕಟರೇಫ. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆ ಎರಡನೆಯ ಅಕ್ಷರವೂ ಹೋಯಿತು. ಈಗ ಎರಡಕ್ಕೂ ಬಾಳು.

10

13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಮೂರು ಳಕಾರಗಳಿಗೆ ಮೂರು ಹೆಸರು ಕೊಡುತ್ತಾನೆ: ಕುಳ, ಕ್ಷಳ, ರಳ. ರಳ ಎಂದರೆ ೞ.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರಿದೆ. ಯೂನಿಕೋಡ್ ಕೊಡುವ ಹೆಸರು ಅದು. ೞ ಗೆ ಕೊಟ್ಟ ಹೆಸರು ‘ಫಾ’. ಅದು ತಪ್ಪು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡ್‌ನ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೆಯೇ ಇದೆ, ಪಕ್ಕದಲ್ಲಿ ಸರಿ ಹೆಸರನ್ನು ಬರೆದಿದ್ದಾರೆ. ಸರಿ ಹೆಸರಿನಲ್ಲಿ ಮೂರು ಎಲ್, ಒಂದು ಎ.

ಯಾರ ಬಾಯಲ್ಲೂ ಇಲ್ಲದ ಅಕ್ಷರಕ್ಕೆ ಎರಡು ಹೆಸರು.

11

2021ರಲ್ಲಿ ಅದೇ ಯೂನಿಕೋಡ್ ಕನ್ನಡಕ್ಕೆ ಇನ್ನೊಂದು ಹಳೆಯ ಗುರುತನ್ನು ಸೇರಿಸಿಕೊಂಡಿತು: ನಕಾರಪೊಲ್ಲು. ಸ್ವರವಿಲ್ಲದ ನಕಾರಕ್ಕೆ ಹಿಂದೆ ಬರೆಯುತ್ತಿದ್ದ ಗುರುತು. ನನ್ನ ಫೋನಿನಲ್ಲಿ ಅದರ ಜಾಗದಲ್ಲಿ ಒಂದು ಖಾಲಿ ಚೌಕ ಬಂತು. ಶಾಲೆಯ ಪಟದ ಚೌಕ ನೆನಪಾಯಿತು.

12

ಸ್ತ್ರೀ. ಪತ್ರಿಕೆಯ ಪದಬಂಧದಲ್ಲಿ ಇದಕ್ಕೆ ಒಂದೇ ಮನೆ. ಕಂಪ್ಯೂಟರಿಗೆ ಇದು ಆರು ಸಂಕೇತ: ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಆ ಗುರುತು, ರ, ಈಕಾರ. ಫೋನಿನಲ್ಲಿ ಅಳಿಸುತ್ತಾ ಹೋದೆ. ಸ್ತ್ರೀ, ಸ್ತ್ರ, ಸ್ತ್, ಸ್ತ, ಸ್, ಸ. ಆರನೆಯ ಸಲ ಒತ್ತಿದಾಗ ಏನೂ ಉಳಿಯಲಿಲ್ಲ.

ಕಾರ್ತ್ಸ್ನ್ಯ ಎಂಬ ಸಂಸ್ಕೃತ ಪದ. ಎರಡೇ ಮನೆ. ಎರಡನೆಯ ಮನೆಯಲ್ಲಿ ಐದು ವ್ಯಂಜನ ವಾಸ. ಅರ್ಥ: ಪೂರ್ತಿ.

13

ಗದಗ ಹಿಂದಿನಿಂದ ಓದಿದರೂ ಗದಗ. ಕಿಟಕಿ, ಕನಕ, ನಯನ, ಸಮೋಸ, ನವಜೀವನ, ವಿಕಟಕವಿ. ಕಿಟಕಿಯನ್ನು ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಕಿಟಕಿ.

ಫೋನಿನಲ್ಲಿ ಗದಗ ಎಂದು ಹೇಳಿ, ಧ್ವನಿಯನ್ನು ಹಿಂದುಮುಂದಾಗಿ ಕೇಳಿಸುವ ಆ್ಯಪ್‌ನಲ್ಲಿ ಹಾಕಿದೆ. ಅಗದಗ್ ಎಂದಿತು. ಮೂರು ಸಲ ಮಾಡಿದೆ. ಮೂರು ಸಲವೂ ಅಗದಗ್. ಕಣ್ಣಿಗೆ ಸರಿಹೋದದ್ದು ಕಿವಿಗೆ ಸರಿಹೋಗಲಿಲ್ಲ. ಸ್ವರ ವ್ಯಂಜನದ ಬೆನ್ನಿಗೆ ಅಂಟಿಕೊಂಡಿರುವುದು ಬರಹದಲ್ಲಿ ಮಾತ್ರ ಎಂದು ಕಾಣುತ್ತದೆ.

14

ಮಲಯಾಳಂ ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಕಡೆಯಿಂದಲೂ ಒಂದೇ. ಕನ್ನಡದಲ್ಲಿ ಬರೆದರೆ ಅಲ್ಲ. ಲ ಮತ್ತು ಳ ಅಡ್ಡ ಬರುತ್ತವೆ.

15

ನದಿ ನದಿ ನದಿ ನದಿ ಎಂದು ನಿಲ್ಲಿಸದೆ ಹೇಳಿದರೆ ದಿನ ದಿನ ದಿನ ಆಗುತ್ತದೆ. ಸದಾ ಸದಾ ಎಂದರೆ ದಾಸ ದಾಸ. ಸರ ಸರ ಎಂದರೆ ರಸ ರಸ. ಬೇಡನೊಬ್ಬ ಮರಾ ಮರಾ ಎನ್ನುತ್ತಾ ಕೂತು ರಾಮನನ್ನು ತಲುಪಿದ ಕಥೆ ಎಲ್ಲರಿಗೂ ಗೊತ್ತು. ಯಾವ ಸುತ್ತಿನಲ್ಲಿ ಅದು ರಾಮ ಆಯಿತು ಎಂದು ಕಥೆ ಹೇಳುವುದಿಲ್ಲ.

16

ಒಂದು ಪದವನ್ನು ಮತ್ತೆ ಮತ್ತೆ ಹೇಳಿದರೆ ಅರ್ಥ ಕಳಚಿಕೊಂಡು ಸದ್ದು ಮಾತ್ರ ಉಳಿಯುತ್ತದೆ. ಇದಕ್ಕೆ ‘ಸಿಮ್ಯಾಂಟಿಕ್ ಸೇಷಿಯೇಷನ್’ ಎಂದು ಹೆಸರಿಟ್ಟವರು ಲಿಯಾನ್ ಜಾಕೊಬೊವಿಟ್ಸ್ ಜೇಮ್ಸ್. 1962ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದಲ್ಲಿ.

ನೀರು ಎಂಬ ಪದವನ್ನು ತೆಗೆದುಕೊಂಡೆ. ಇಪ್ಪತ್ತರ ಹತ್ತಿರ ಸಡಿಲವಾಯಿತು. ನಲವತ್ತರ ಹೊತ್ತಿಗೆ ಬೇರೆ ಯಾವುದೋ ಭಾಷೆಯ ಪದ. ಲೋಟದಲ್ಲಿದ್ದದ್ದನ್ನು ಕುಡಿದೆ. ಸ್ವಲ್ಪ ಹೊತ್ತಿನ ಮೇಲೆ ಪದ ಹಿಂತಿರುಗಿತು.

ನನ್ನ ಹೆಸರಿನ ಮೇಲೆ ಮಾಡಿ ನೋಡಿದೆ. ಅದು ಬೇಗ ಹೋಯಿತು.

17

ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲಲ್ಲಿ ನಿಂತು ಮೆಜೆಸ್ಟಿಕ್ ಮೆಜೆಸ್ಟಿಕ್ ಮೆಜೆಸ್ಟಿಕ್ ಎಂದು ಕೂಗುತ್ತಾರೆ. ಅವರ ಬಾಯಲ್ಲಿ ಆ ಪದಕ್ಕೆ ಏನಾಗಿರಬಹುದು ಎಂದು ಯೋಚಿಸಿದೆ. ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ. ಮೆಜೆಸ್ಟಿಕ್ ಎಂಬುದು ಒಂದು ಚಿತ್ರಮಂದಿರ, ಅದು ಈಗಿಲ್ಲ. ಕೂಗು ಇದೆ, ಜನ ಹತ್ತುತ್ತಾರೆ, ಬಸ್ಸು ಹೋಗಿ ಮುಟ್ಟುತ್ತದೆ.

18

ವೇದ ಕಲಿಯುವವರು ಪದಗಳನ್ನು ಹೆಣೆದು ಹೇಳುವ ಕ್ರಮಗಳಲ್ಲಿ ಒಂದರ ಹೆಸರು ಘನ. ಒಂದು–ಎರಡು, ಎರಡು–ಒಂದು, ಒಂದು–ಎರಡು–ಮೂರು, ಮೂರು–ಎರಡು–ಒಂದು, ಒಂದು–ಎರಡು–ಮೂರು. ಆಮೇಲೆ ಎರಡನೆಯ ಪದದಿಂದ ಮತ್ತೆ ಅದೇ ಸುತ್ತು. ಕಾಗದದ ಮೇಲೆ ಎಣಿಸಿದೆ. ನಡುವೆ ಬರುವ ಪದ ಹದಿಮೂರು ಸಲ ಬರುತ್ತದೆ. ಮುಂದಿನದಾಗಿ, ಹಿಂದಿನದಾಗಿ, ನಡುವಿನದಾಗಿ.

ಈ ಕ್ರಮದಲ್ಲಿ ವಾಕ್ಯ ಉಳಿಯುವುದಿಲ್ಲ. ಹಿಂದುಮುಂದಾದ ಪದಗಳಿಂದ ಅರ್ಥ ಹೊರಡುವುದಿಲ್ಲ. ಒಂದು ಸ್ವರ ಜಾರಿದರೂ ತಪ್ಪು ತಕ್ಷಣ ಗೊತ್ತಾಗುತ್ತದೆ. ಬರಹವಿಲ್ಲದೆ ಇಷ್ಟು ಕಾಲ ದಾಟಿ ಬಂದದ್ದು ಹೀಗೆ.

19

ಯಮಾತಾರಾಜಭಾನಸಲಗಂ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿತವರಿಗೆಲ್ಲ ಇದು ಬಾಯಿಪಾಠ. ಇದು ಪದವಲ್ಲ, ಅರ್ಥವಿಲ್ಲ. ಯ ದಿಂದ ಮೂರು ಅಕ್ಷರ ತೆಗೆದುಕೊಂಡರೆ ಯಮಾತಾ: ಒಂದು ಲಘು, ಎರಡು ಗುರು. ಅದೇ ಯಗಣ. ಮಾ ದಿಂದ ಮೂರು: ಮಾತಾರಾ, ಮೂರೂ ಗುರು, ಮಗಣ. ಹೀಗೆ ಎಂಟು ಗಣಗಳೂ ಹತ್ತು ಅಕ್ಷರಗಳೊಳಗೆ ಒಂದರ ಮೇಲೊಂದು ಕೂತಿವೆ.

ಕೊನೆಯ ಎರಡು ಅಕ್ಷರ ಲಘು, ಗುರು. ಮೊದಲ ಎರಡೂ ಲಘು, ಗುರು. ಬಾಲವನ್ನು ತಲೆಯ ಮೇಲಿಟ್ಟರೆ ಎಂಟು ಅಕ್ಷರದ ಬಳೆ ಆಗುತ್ತದೆ. ಬಳೆಯನ್ನು ಎಲ್ಲಿ ಹಿಡಿದರೂ ಒಂದು ಗಣ.

ಇದನ್ನು ನನಗೆ ಕಲಿಸಿದ ಮೇಷ್ಟ್ರು ಬೆತ್ತದಿಂದ ಮೇಜಿನ ಮೇಲೆ ಲಘುವಿಗೆ ಮೆಲ್ಲಗೆ, ಗುರುವಿಗೆ ಜೋರಾಗಿ ಬಡಿಯುತ್ತಿದ್ದರು. ನೆನಪಿರುವುದು ಬಡಿತ.

20

ಸಂಗೀತದ 72 ಮೇಳಕರ್ತ ರಾಗಗಳ ಹೆಸರುಗಳಲ್ಲಿ ಅವುಗಳ ಸಂಖ್ಯೆ ಅಡಗಿದೆ. ಕಟಪಯಾದಿ ಎಂಬ ಲೆಕ್ಕ. ಕ, ಟ, ಪ, ಯ ಇವುಗಳಿಗೆ 1. ಖ, ಠ, ಫ, ರ ಇವುಗಳಿಗೆ 2. ಹೀಗೆ ಮುಂದೆ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕಿ ತೆಗೆದು ತಿರುಗಿಸಬೇಕು. ಮಾಯಾಮಾಳವಗೌಳ: ಮ 5, ಯ 1, ತಿರುಗಿಸಿದರೆ 15. ಹದಿನೈದನೆಯ ಮೇಳ.

ಶಂಕರಾಭರಣ 29ನೆಯದು. ಶ, ಕ ಎಂದು ಹೋದರೆ 29 ಬರುವುದಿಲ್ಲ. ಅದಕ್ಕೆ ಮುಂದೆ ಧೀರ ಸೇರಿಸಿದರು: ಧ 9, ರ 2. ಕಲ್ಯಾಣಿಗೆ ಮೇಚ ಸೇರಿಸಿದರು: ಮ 5, ಚ 6, ಅಂದರೆ 65. ಆ ಧೀರ ಧೈರ್ಯಕ್ಕಲ್ಲ, ಎಣಿಕೆಗೆ.

21

ನಾಟಕಪ್ರಿಯ: ನ 0, ಟ 1. ಹತ್ತನೆಯ ಮೇಳ. ನಠಭೈರವಿ: ನ 0, ಠ 2. ಇಪ್ಪತ್ತನೆಯದು. ಕಛೇರಿಯ ಕರಪತ್ರದಲ್ಲಿ ನಟಭೈರವಿ ಎಂದು ಅಚ್ಚಾಗಿತ್ತು. ಒಂದು ಮಹಾಪ್ರಾಣ ಹೋದರೆ ಹತ್ತು ಮೇಳದಷ್ಟು ದೂರ.

22

ಕಟಪಯಾದಿಯಲ್ಲಿ ಞ ದ ಬೆಲೆ ಸೊನ್ನೆ.

23

ಮೃದಂಗದ ಪಾಠದಲ್ಲಿ ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ. ಕಲಿಯುವವರು ಮೊದಲು ಬಾಯಲ್ಲಿ ಹೇಳುತ್ತಾರೆ, ಕೈ ಆಮೇಲೆ.

24

1929ರಲ್ಲಿ ವೋಲ್ಫ್‌ಗಾಂಗ್ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಎರಡು ಚಿತ್ರ ಬರೆದ. ಒಂದು ಮೊನಚು ಮೊನಚು, ಒಂದು ದುಂಡು. ಎರಡು ಅರ್ಥವಿಲ್ಲದ ಪದ ಕೊಟ್ಟ: ತಕೆಟೆ, ಬಲುಬಾ. ಯಾವುದಕ್ಕೆ ಯಾವ ಹೆಸರು ಎಂದು ಕೇಳಿದ. 2001ರಲ್ಲಿ ವಿ.ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ಇದನ್ನೇ ಕಿಕಿ, ಬೂಬಾ ಎಂಬ ಪದಗಳಿಂದ ಕೇಳಿದರು. ಹೆಚ್ಚುಕಡಿಮೆ ಎಲ್ಲರೂ ಮೊನಚಿನದನ್ನು ಕಿಕಿ ಎಂದರು.

ಪಕ್ಕದ ಮನೆಯ ಎರಡನೆಯ ಕ್ಲಾಸಿನ ಹುಡುಗಿಗೆ ಚಿತ್ರ ತೋರಿಸಿದೆ. ಮೊನಚು ಕಿಕಿ ಎಂದಳು. ಆಮೇಲೆ ಕಿಕಿ, ಬೂಬಾ ಎಂದು ಕನ್ನಡದಲ್ಲಿ ಬರೆದು ತೋರಿಸಿದೆ. ‘ಎರಡೂ ಗುಂಡಗಿದೆ’ ಎಂದಳು.

25

ನೀರು ಜುಳುಜುಳು, ಬೆಂಕಿ ಧಗಧಗ, ಎಲೆ ಸರಸರ. ಇವು ಕಿವಿಗೆ ಬಿದ್ದ ಸದ್ದುಗಳು. ಪಾತ್ರೆ ಥಳಥಳ, ದೀಪ ಮಿಣಮಿಣ, ಮಲ್ಲಿಗೆ ಘಮಘಮ. ಇವುಗಳಿಂದ ಸದ್ದು ಬರುವುದಿಲ್ಲ. ಮದುವೆ ಮುಗಿದ ಮನೆ ಬಣಬಣ. ಅಲ್ಲಿ ಸದ್ದೇ ಇಲ್ಲ, ಅದಕ್ಕೇ ಆ ಪದ.

ಎಲ್ಲದಕ್ಕೂ ಕ್ರಿಯಾಪದ ಒಂದೇ: ಎನ್ನು. ಮಲ್ಲಿಗೆ ಘಮ್ ಎನ್ನುತ್ತದೆ. ಹೊಟ್ಟೆ ಚುರುಚುರು ಎನ್ನುತ್ತದೆ. ಮನೆ ಬಣಬಣ ಎನ್ನುತ್ತದೆ.

26

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ಇಂಥ ಸದ್ದುಗಳೂ ಇವೆ. ಜರ್ಮನಿಯಿಂದ ಬಂದ ಪಾದ್ರಿ ಊರವರನ್ನು ಕೂರಿಸಿಕೊಂಡು ದಡಬಡ ಎಂದರೇನು ಎಂದು ಕೇಳುತ್ತಿರುವುದನ್ನು ಊಹಿಸಿಕೊಳ್ಳುತ್ತೇನೆ. ಉತ್ತರ ಕೊಟ್ಟವರು ಬಾಯಲ್ಲಿ ಕೊಟ್ಟರೋ, ಎದ್ದು ನಡೆದು ತೋರಿಸಿದರೋ.

27

ಕಾಫಿ ಗೀಫಿ, ಪುಸ್ತಕ ಗಿಸ್ತಕ, ಹಾವು ಗೀವು, ಬಸ್ಸು ಗಿಸ್ಸು. ಮೊದಲ ಅಕ್ಷರ ತೆಗೆದು ಗಿ ಹಾಕುವುದು. ಅದು ದೀರ್ಘವಾಗಿದ್ದರೆ ಗೀ. ಯಾವ ಶಾಲೆಯೂ ಕಲಿಸುವುದಿಲ್ಲ, ಮೂರು ವರ್ಷದ ಮಗು ತಪ್ಪಿಲ್ಲದೆ ಹೇಳುತ್ತದೆ. ಗೀಫಿ ಎಂದರೆ ಏನು ಎಂದು ಕೇಳಿದರೆ ಏನೂ ಅಲ್ಲ. ಆದರೆ ‘ಕಾಫಿ ಗೀಫಿ ಏನಾದ್ರೂ ಕೊಡ್ಲಾ’ ಎಂದ ಮನೆಯಲ್ಲಿ ನಿಂಬೆಹಣ್ಣಿನ ಪಾನಕ ಬಂತು.

ಗಿಡಕ್ಕೆ ಏನು? ಕೇಳಿದವರೆಲ್ಲ ಬಾಯಿ ತೆರೆದು ನಿಂತರು. ಒಬ್ಬರು ‘ಗಿಡ ಮರ’ ಎಂದರು.

28

ಬಸ್ ಬಸ್ಸಾಯಿತು, ಪೆನ್ ಪೆನ್ನಾಯಿತು, ಕಾರ್ ಕಾರಾಯಿತು. ಹ್ರಸ್ವದ ಮುಂದೆ ಇಮ್ಮಡಿ, ದೀರ್ಘದ ಮುಂದೆ ಒಂದೇ, ಕೊನೆಗೆ ಒಂದು ಉ. ಹೀಗೆ ಬಂದ ಪದಗಳು ಕೆಲವೊಮ್ಮೆ ಮನೆಯಲ್ಲಿ ಇದ್ದವರ ಜಾಗದಲ್ಲೇ ಬಂದು ಕೂರುತ್ತವೆ. ಹೋಟೆಲಿನ ಬಿಲ್ಲು, ರಾಮನ ಬಿಲ್ಲು. ಚಹದ ಕಪ್ಪು, ಕೂದಲಿನ ಕಪ್ಪು.

29

ಕುವೆಂಪು. ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ ಎಂಬ ಮೂರು ಹೆಸರಿನ ಮೂರು ಮೊದಲಕ್ಷರ. ಕನ್ನಡದ ಅಕ್ಷರಕ್ಕೆ ಸ್ವರ ಅಂಟಿಕೊಂಡೇ ಇರುವುದರಿಂದ ಮೂರು ಸೇರಿದ ಕೂಡಲೇ ಉಸಿರಾಡತೊಡಗಿತು. ತೀ.ನಂ.ಶ್ರೀ., ಪು.ತಿ.ನ. ಹಾಗೆಯೇ. ಡಿ.ವಿ.ಜಿ. ಎಂಬುದು ಇಂಗ್ಲಿಷ್ ಅಕ್ಷರಗಳ ಹೆಸರು. ಕನ್ನಡದ ಲೆಕ್ಕದಲ್ಲಿ ದೇ.ವೆಂ.ಗುಂ. ಆಗಬೇಕಿತ್ತು. ಬಿ.ಎಂ.ಶ್ರೀ. ಯಲ್ಲಿ ಎರಡು ಇಂಗ್ಲಿಷಿನವು, ಮೂರನೆಯದು ಕನ್ನಡದ್ದು.

ಬಸ್ಸಿನ ಮೈಮೇಲೆ ಕ.ರಾ.ರ.ಸಾ.ನಿ. ಚುಕ್ಕಿಗಳನ್ನು ಬಿಟ್ಟು ಓದುತ್ತಿದ್ದ ಒಬ್ಬ ಹುಡುಗ ಅದನ್ನು ಒಬ್ಬಳು ಹೆಂಗಸಿನ ಹೆಸರು ಎಂದುಕೊಂಡಿದ್ದ.

30

ಮಂಗಳೂರಿನಲ್ಲಿ ಕನ್ನಡ ಲಿಪಿಯ ಕೊಂಕಣಿ ಪತ್ರಿಕೆ ಸಿಕ್ಕಿತು. ಒಂದು ಪುಟ ಗಟ್ಟಿಯಾಗಿ ಓದಿದೆ. ಅಂಗಡಿಯವರು ತಲೆದೂಗಿದರು, ಒಂದು ಕಡೆ ನಕ್ಕರು. ನಾನು ಓದಿದೆ, ಅವರಿಗೆ ಅರ್ಥವಾಯಿತು.

31

ತರೀಕೆರೆಯ ಕೆರೆ ಏರಿಯ ಮೇಲಿನ ಮೂರು ಕರಿ ಕುರಿಮರಿಗಳು. ನಾಲಿಗೆ ತಿರುಗಿಸಲು ಎಲ್ಲರೂ ಹೇಳುತ್ತಾರೆ. ಅವು ಯಾರ ಕುರಿಮರಿ ಎಂದು ಯಾರೂ ಕೇಳಿದ್ದನ್ನು ಕಾಣೆ. ತರೀಕೆರೆ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ರೈಲಿನಲ್ಲಿ ದಾಟಿ ಹೋಗುವಾಗ ಏರಿ ಹುಡುಕಿದೆ.

32

ಅಜ್ಜಿಗೆ ಓದು ಬರುತ್ತಿರಲಿಲ್ಲ. ಅರಸೀಕೆರೆಯಲ್ಲಿ ಬಸ್ಸು ಹಿಡಿಯುತ್ತಿದ್ದರು. ಒಂದು ಬಸ್ಸು ಹಾಸನಕ್ಕೆ, ಒಂದು ತಿಪಟೂರಿಗೆ. ‘ಕೊನೇಲಿ ಬಾಲ ಇರೋ ಗಡಿಗೆ ಇದ್ರೆ ನಮ್ಮದು’ ಎನ್ನುತ್ತಿದ್ದರು. ರು ಅವರಿಗೆ ಗಡಿಗೆ. ಮುಚ್ಚಳ ಇದೆ, ಹೊಟ್ಟೆ ಇದೆ, ಬಲಕ್ಕೆ ಬಾಲ.

ಒಮ್ಮೆ ಪೇಟೆಯಲ್ಲಿ ನಡೆಯುತ್ತಾ ಅಂಗಡಿಗಳ ಬೋರ್ಡುಗಳನ್ನು ನೋಡಿ, ‘ಎಷ್ಟೊಂದು ಗಡಿಗೆ’ ಎಂದರು. ನಾನು ಆಗ ಹೊಸದಾಗಿ ಓದು ಕಲಿತಿದ್ದೆ. ಬೋರ್ಡು ನೋಡಿದೆ. ಗಡಿಗೆ ಕಾಣಲಿಲ್ಲ. ಈಗಲೂ ಆಗಾಗ ಪ್ರಯತ್ನಿಸುತ್ತೇನೆ. ಕಣ್ಣು ರು ಎಂದು ಓದಿಬಿಡುತ್ತದೆ.

ಒಡಿಯಾ ಬೋರ್ಡಿನಲ್ಲಿ ಗಡಿಗೆಗಳು ಕಾಣುತ್ತವೆ.

33

ನಾಯಿಯನ್ನು ಓಡಿಸಲು ಹಚಾ. ಕಾಗೆಗೆ ಹುಶ್. ಅಯ್ಯೋ ಪಾಪ ಎನ್ನಲು ನಾಲಿಗೆಯನ್ನು ಹಲ್ಲಿನ ಹಿಂದೆ ಅಂಟಿಸಿ ಬಿಡುವ ಸದ್ದು. ಅದನ್ನು ಬರೆಯಲು ಅಕ್ಷರವಿಲ್ಲ. ಕಥೆಗಾರರು ‘ಲೊಚಗುಟ್ಟಿದಳು’ ಎಂದು ಬರೆದು ಮುಂದೆ ಹೋಗುತ್ತಾರೆ. ಲೊಚ ಎಂದು ಹೇಳಿ ನೋಡಿದೆ, ಅದು ಆ ಸದ್ದಲ್ಲ.

34

ಹೌದು ಎನ್ನಲು ಮೂಗಿನಿಂದ ಬರುವುದನ್ನು ಕೆಲವರು ಹೂಂ ಎಂದು ಬರೆಯುತ್ತಾರೆ, ಕೆಲವರು ಹ್ಞೂಂ ಎಂದು. ಅಲ್ಲ ಎನ್ನಲು ಊಹೂಂ, ಉಹುಂ, ಉಹ್ಞೂಂ. ಹ್ಞಾಂ ಎಂದರೆ ಕೇಳಿಸಿತು ಎಂದೂ ಆಗಬಹುದು, ಕೇಳಿಸಲಿಲ್ಲ ಎಂದೂ ಆಗಬಹುದು. ಹ ದ ಕೆಳಗೆ ಒತ್ತಾಗಿರುವುದು ಞ.

35

ಅಮ್ಮ ಫೋನಿನಲ್ಲಿ ಚಿಕ್ಕಮ್ಮನ ಮಾತು ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಈ ಟಿಪ್ಪಣಿಗಳ ಪುಸ್ತಕ ಇಟ್ಟುಕೊಂಡು ಕೂತೆ. ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದೆ.

ಹ್ಞೂಂ. ಹ್ಞೂಂ. ಹ್ಞಾಂ? ಹ್ಞೂಂ. ಹ್ಞೂಂಹ್ಞೂಂ. ಉಹ್ಞೂಂ. ಲೊಚ. ಹ್ಞೂಂ. ಹ್ಞಾಂ ಹ್ಞಾಂ. ಹ್ಞೂಂ. ಲೊಚ ಲೊಚ. ಹ್ಞೂಂ.

ಎರಡು ಪುಟ ತುಂಬಿತು. ದನಿ ಏರಿದ್ದು, ಇಳಿದದ್ದು, ಎಳೆದದ್ದು ಯಾವುದನ್ನೂ ಬರೆಯಲಾಗಲಿಲ್ಲ.

ಫೋನ್ ಇಟ್ಟ ಮೇಲೆ ಕೇಳಿದೆ, ‘ಏನಂತೆ ಅಮ್ಮ?’

‘ಅಲ್ಲೇ ಕೂತು ಎಲ್ಲಾ ಕೇಳಿಸ್ಕೊಂಡ್ಯಲ್ಲ’ ಎಂದರು.